ಓರೆನೋಟಕ್ಕೆ ಸಿಕ್ಕ ಗ್ಯಾಲಕ್ಸಿ

ನಂಜನಗೂಡಿನ ನಮ್ಮ ತಾರಸಿಯಿಂದ ಎರಡು ಬೇಸಿಗೆ ಹುಡುಕಿದರೂ ಆ ಗ್ಯಾಲಕ್ಸಿ ನನಗೆ ಸಿಕ್ಕಿರಲಿಲ್ಲ. ತಪ್ಪು ನನ್ನದಲ್ಲ, ಸುತ್ತಲಿನ ದೀಪಗಳದ್ದು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅದಕ್ಕೇ ಈ ಏಪ್ರಿಲ್‌ನ ಅಮಾವಾಸ್ಯೆಗೆ ಟೆಲಿಸ್ಕೋಪನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸೋಮನಾಥಪುರದ ಅಕ್ಕನ ಮನೆಗೆ ಹೋದೆ.

ಕತ್ತಲಾಗುತ್ತಲೇ ಭಾವ ಕೊಟ್ಟಿಗೆಯ ದೀಪ ಆರಿಸಿದರು. ಸಿಂಹರಾಶಿಯ ಬಾಲದ ನಕ್ಷತ್ರದಿಂದ ಶುರುಮಾಡಿ ಮೆಲ್ಲನೆ ಪೂರ್ವಕ್ಕೆ ಸರಿದೆ. ಸಿಕ್ಕಿತು! ತೆಳ್ಳನೆಯ ಬೂದುಗೆರೆ, ನಡುವೆ ಚೂರು ಉಬ್ಬು. ನಮ್ಮ ಆಕಾಶಗಂಗೆಯಂಥದೇ ದೊಡ್ಡ ತಟ್ಟೆ. ನಮಗೆ ಅದರ ಅಂಚು ಮಾತ್ರ ಕಾಣುತ್ತದೆ.

ಭಾವ ಬಗ್ಗಿ ನೋಡಿದರು. "ಏನೂ ಇಲ್ವಲ್ಲವ್ವ. ಬರೀ ಕತ್ಲು."

"ನೇರ ನೋಡಬೇಡಿ ಭಾವ. ಸ್ವಲ್ಪ ಪಕ್ಕಕ್ಕೆ ನೋಡಿ. ಮಸುಕಾಗಿರೋದು ಓರೆಗಣ್ಣಿಗೇ ಚೆನ್ನಾಗಿ ಕಾಣೋದು."

ಎಷ್ಟು ಹೇಳಿದರೂ ಅವರ ಕಣ್ಣು ನಡುವಿಗೇ ಓಡುತ್ತಿತ್ತು.

ಅಕ್ಕ ಜಗಲಿಯ ಮೇಲೆ ಕುಳಿತಿದ್ದಳು. ಕೆಲವು ವರ್ಷಗಳಿಂದ ಅವಳ ಎರಡೂ ಕಣ್ಣಿನ ನಡುದೃಷ್ಟಿ ಹೋಗಿದೆ. ಓದಲಾಗುವುದಿಲ್ಲ, ಎದುರಿಗೆ ಬಂದವರ ಮುಖವನ್ನು ತಲೆ ಓರೆ ಮಾಡಿ ಗುರುತು ಹಿಡಿಯುತ್ತಾಳೆ. ಕರೆದರೆ ನೊಂದುಕೊಂಡಾಳು ಎಂದು ನಾನು ಸುಮ್ಮನಿದ್ದೆ.

"ಪಕ್ಕಕ್ಕೆ ನೋಡೋದಾ? ನಾನು ದಿನಾ ನೋಡೋದೇ ಅಂಗೆ. ಸರೀರಿ ಅತ್ಲಾಗೆ," ಎಂದು ಅವಳೇ ಎದ್ದು ಬಂದಳು.

ಕಣ್ಣಿಟ್ಟು, ಮುಖವನ್ನು ಕೊಂಚ ಆಚೀಚೆ ಆಡಿಸಿದಳು. ಆಮೇಲೆ ಅಲುಗಾಡಲಿಲ್ಲ.

"ಅದೆ ಕಣೆ. ಸೂಜಿ ಇದ್ದಂಗದೆ. ನಡುವೆ ವಸಿ ದಪ್ಪ."

ಅದರ ಆಕಾರವನ್ನು ನಾನು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ. "ಯಾವ ಕಡೆ ವಾಲಿದೆ?" ಎಂದು ಕೇಳಿದೆ. ಬೆರಳಿನಿಂದ ಗಾಳಿಯಲ್ಲಿ ಗೀರಿ ತೋರಿಸಿದಳು. ನಾನು ಕಂಡ ಗೆರೆಯೂ ಹಾಗೇ ವಾಲಿತ್ತು.

"ಬೋ ದೂರ್ವಾ?"

"ಆ ಬೆಳಕು ಅಲ್ಲಿಂದ ಹೊರಟಾಗ ಭೂಮಿ ಮೇಲೆ ಮನುಷ್ಯರೇ ಇರಲಿಲ್ಲ ಅಕ್ಕ."

ಅವಳು ಮತ್ತೆ ಕಣ್ಣಿಟ್ಟಳು. ಭೂಮಿ ತಿರುಗಿದಂತೆ ಗೆರೆ ಜಾರಿಹೋಗುತ್ತದೆಂದು, ಕೊಳವೆಯನ್ನು ಹಗುರವಾಗಿ ತಳ್ಳುವುದನ್ನು ಹೇಳಿಕೊಟ್ಟೆ. ಬೇಗನೆ ಕಲಿತಳು.

"ಇನ್ನೊಂದ್ಸಲ ನಾನೂ ನೋಡ್ತೀನಿ, ಬುಡು," ಎಂದರು ಭಾವ.

"ವಸಿ ತಡ್ಕಳಿ, ಇನ್ನೂ ನೋಡ್ತಾವ್ನಿ," ಎಂದಳು ಅಕ್ಕ, ಕಣ್ಣು ತೆಗೆಯದೆ.

ಮರುದಿನ ಟೆಲಿಸ್ಕೋಪನ್ನು ಅಲ್ಲೇ ಬಿಟ್ಟು ಬಂದೆ. ಈಗ ಅಮಾವಾಸ್ಯೆ ಹತ್ತಿರವಾದರೆ ಅಕ್ಕನೇ ಫೋನ್ ಮಾಡಿ, ಮೋಡ ಇದೆಯೋ ಇಲ್ಲವೋ ಹೇಳುತ್ತಾಳೆ.