ಅಂಪೊಫೊ ಅವರಿಗೆ ಎರಡು ವಿಳಾಸ

ಪೊಕುವಾಳ ಅಂಗಡಿಗೆ ಬರುವ ಗಿರಾಕಿಗಳೆಲ್ಲ ಮೊದಲು ನನ್ನ ಗಿರಾಕಿಗಳು. ನಾನು ಕುಮಾಸಿ ನಗರದ ಬಂತಾಮ ಬಡಾವಣೆಯಲ್ಲಿ ಸಾವಿನ ಬ್ಯಾನರ್ ಅಚ್ಚು ಹಾಕುವವನು. ಕುಮಾಸಿಯಲ್ಲಿ ಯಾರೇ ಸತ್ತರೂ ಅವರ ಚಿತ್ರ ಆಳೆತ್ತರಕ್ಕೆ ಗೋಡೆಯ ಮೇಲೆ ಬರಬೇಕು, ಕೆಳಗೆ ಬಂಧುಗಳ ಹೆಸರು ಸಾಲುಗಟ್ಟಿ ನಿಲ್ಲಬೇಕು. ಬದುಕಿದ್ದಾಗ ಒಂದು ಫೋಟೊ ತೆಗೆಸಲೂ ಜಿಪುಣತನ ಮಾಡಿದವರು ನನ್ನ ಯಂತ್ರದಿಂದ ರಾಜರ ಹಾಗೆ ಹೊರಬರುತ್ತಾರೆ. ಇಷ್ಟು ಸುಖದ ವ್ಯಾಪಾರದ ಪಕ್ಕಕ್ಕೆ ಬಂದು ಕೂತವಳು ಪೊಕುವಾ. ಬ್ಯಾನರ್ ಬಿಸಿಲಿಗೆ ಬಣ್ಣಗೆಡುತ್ತದೆ, ಲಂಡನ್ನಿನಲ್ಲಿರುವ ತಮ್ಮನಿಗೆ ಕಾಣುವುದಿಲ್ಲ, ಒಂದು ವೆಬ್‌ಸೈಟ್ ಮಾಡಿಸಿಬಿಡಿ ಎಂದು ನನ್ನ ಗಿರಾಕಿಗಳಿಗೇ ಬೋಧನೆ ಮಾಡಿದಳು. ನಾನು ಕೆಲವು ವಾರ ಅವಳ ಮುಖ ನೋಡಲಿಲ್ಲ. ಆಮೇಲೆ ಅವಳು ಮನೆಯಿಂದ ತರುತ್ತಿದ್ದ ಕಡಲೆಕಾಯಿ ಸಾರು ಮತ್ತು ಅನ್ನದ ಉಂಡೆ ನನ್ನ ಸಿಟ್ಟನ್ನು ಕರಗಿಸಿದವು. ನಾನು ಅಷ್ಟೇನೂ ಗಟ್ಟಿಮನುಷ್ಯನಲ್ಲ.

ಅವಳು ಮೊದಲು ಇಂಟರ್ನೆಟ್ ಕೆಫೆ ಇಟ್ಟಿದ್ದಳು. ಎಲ್ಲರ ಕೈಗೂ ಫೋನ್ ಬಂದು ಕೆಫೆ ಮುಚ್ಚಿತು. ಉಳಿದಿದ್ದು ಒಂದು ಕಂಪ್ಯೂಟರ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮತ್ತೆ ಯಾರಿಗೂ ಹೆದರದ ಬಾಯಿ. ಒಂದು ಡೊಮೇನ್ ಹೆಸರು ಕೊಂಡು, ಅದರ ಕೆಳಗೆ ಸತ್ತವರಿಗೆಲ್ಲ ಒಂದೊಂದು ಸಬ್‌ಡೊಮೇನ್ ಮಾಡಿಕೊಡಲು ಶುರುಮಾಡಿದಳು. ಗಿರಾಕಿಗಳಿಗೆ ಅವಳು ಹೇಳುತ್ತಿದ್ದುದು ಇಷ್ಟೇ: ಇದು ವಠಾರ, ಹೆಬ್ಬಾಗಿಲು ಒಂದೇ, ನಿಮ್ಮವರಿಗೆ ಒಂದು ಕೋಣೆ. ಒಮ್ಮೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಏನೋ ಅಳಿಸಲು ಹೋಗಿ ಹೆಬ್ಬಾಗಿಲನ್ನೇ ಅಳಿಸಿದಳು. ಇಡೀ ವಠಾರದ ಸತ್ತವರು ಮಧ್ಯಾಹ್ನವೆಲ್ಲ ನಾಪತ್ತೆ. ಅವತ್ತು ಅವಳು ಅತ್ತ ಅಳುವಿಗೆ ಎದುರಿನ ಬಾಳೆಕಾಯಿ ಸುಡುವವಳು ಯಾರು ಹೋದರೆಂದು ವಿಚಾರಿಸಿಕೊಂಡು ಬಂದಿದ್ದಳು. ಸಂಜೆಗೆ ಎಲ್ಲರೂ ವಾಪಸ್ ಬಂದರು.

ಅಲಿಯಾಸ್ ಎನ್ನುವುದು ಅವಳಿಗೆ ಎಡಗೈ ಕೆಲಸ. ನಮ್ಮಲ್ಲಿ ಒಬ್ಬರಿಗೆ ಒಂದೇ ಹೆಸರು ಇರುವುದುಂಟೇ? ಹುಟ್ಟಿದ ವಾರದ ಹೆಸರು ಊರಿಗೆ, ದೀಕ್ಷೆಯ ಹೆಸರು ಚರ್ಚಿಗೆ. ಹಾಗಾಗಿ ಪುಟ ಒಂದೇ ಮಾಡಿ, ಎರಡು ಹೆಸರಿಗೂ ವಿಳಾಸ ಕೊಟ್ಟು, ಯಾವುದನ್ನು ಒತ್ತಿದರೂ ಅಲ್ಲಿಗೇ ಬಂದು ಸೇರುವ ಹಾಗೆ ಇಡುತ್ತಿದ್ದಳು. ಮನೆಯವರು ಕೇಳುವ ಮೊದಲೇ ಇಟ್ಟಿರುತ್ತಿದ್ದಳು. ಎಡವಟ್ಟಾಗಿದ್ದು ಇಲ್ಲೇ.

ಲಾರಿ ಓಡಿಸಿ ನಿವೃತ್ತರಾಗಿದ್ದ ಕ್ವಾಕು ಅಂಪೊಫೊ ತೀರಿಕೊಂಡಾಗ ಅವರ ಸೋದರಳಿಯ ಜಾಂಫಿ ಬಂದು ಪುಟ ಮಾಡಿಸಿದ. ಮಾರನೆಯ ದಿನ ಫ್ರೆಂಪೊಮಾ ಎಂಬ ಹೆಂಗಸು ಬಂದು, ಡೇನಿಯಲ್ ಅಂಪೊಫೊ ನನ್ನ ಗಂಡ, ಚರ್ಚಿನ ಹೆಸರಲ್ಲಿ ಪುಟ ಬೇಕು ಎಂದಳು. ಪೊಕುವಾ ತಲೆಯಾಡಿಸಿ, ಒಂದು ಅಲಿಯಾಸ್ ಸೇರಿಸಿ, ಜಾಂಫಿಗೆ ಕೊಟ್ಟ ಹಾಗೇ ಅವಳಿಗೂ ಬದಲಾವಣೆ ಮಾಡುವ ಪಾಸ್‌ವರ್ಡ್ ಕೊಟ್ಟು ಕಳಿಸಿದಳು. ಇಬ್ಬರೂ ಒಂದೇ ಮನೆಯವರು ಎಂದುಕೊಂಡಿದ್ದಳು.

ಆ ಇಬ್ಬರ ನಡುವೆ ಮಾತೇ ಬಿಟ್ಟುಹೋಗಿತ್ತು. ನಮ್ಮದು ಅಳಿಯಕಟ್ಟು, ಗಂಡಸು ಸತ್ತರೆ ಹೆಣ ತಾಯಿಯ ಕುಲಕ್ಕೆ ಸೇರಿದ್ದು, ಹೆಂಡತಿಗಲ್ಲ. ಜಾಂಫಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮದುವೆಯ ಮದ್ಯವನ್ನು ನಮ್ಮ ಕಡೆಯವರು ಅವಳ ಮನೆಗೆ ಕೊಟ್ಟದ್ದನ್ನು ನಾನು ಕಂಡಿಲ್ಲ, ಆದ್ದರಿಂದ ಅವಳು ಮನೆಯಲ್ಲಿದ್ದ ಹೆಂಗಸು, ಹೆಂಡತಿಯಲ್ಲ ಎನ್ನುತ್ತಿದ್ದ. ಅದು ನಡೆದಾಗ ಅವನಿನ್ನೂ ಹುಟ್ಟೇ ಇರಲಿಲ್ಲ. ಫ್ರೆಂಪೊಮಾಗೆ ಆಸ್ತಿ ಬೇಕಿರಲಿಲ್ಲ. ಅಂತ್ಯಕ್ರಿಯೆಯ ದಿನ ವಿಧವೆಯ ಜಾಗದಲ್ಲಿ ಕೂರಬೇಕು, ಹೆಂಡತಿ ಎಂದು ಹೆಸರು ಬರಬೇಕು, ಅಷ್ಟೇ. ಅಷ್ಟನ್ನೂ ಕೊಡದವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆಮೇಲೆ ನಡೆದದ್ದು ತಮಾಷೆ. ಆ ಪುಟ ತಮ್ಮೊಬ್ಬರದೇ ಎಂದು ಇಬ್ಬರೂ ನಂಬಿದ್ದರು. ಬೆಳಗ್ಗೆ ಪುಟದಲ್ಲಿ ಅಂಪೊಫೊ ನಮ್ಮ ನಾಡಿನ ಕೆಂಟೆ ಬಟ್ಟೆ ಹೊದ್ದು ಗಂಭೀರವಾಗಿ ಕೂತಿರುತ್ತಿದ್ದರು. ಮಧ್ಯಾಹ್ನ ನೋಡಿದರೆ ಸೂಟು, ಟೈ. ಫ್ರೆಂಪೊಮಾ ತನ್ನ ಹೆಸರು ಹಾಕುವಳು, ಜಾಂಫಿ ತೆಗೆಯುವನು, ಇಬ್ಬರೂ ಫೋನ್ ಮಾಡಿ ಪೊಕುವಾಳನ್ನು ಬೈಯುವರು. ನಿನ್ನ ಯಂತ್ರಕ್ಕೆ ಹುಳ ಹಿಡಿದಿದೆ ಎಂದು ಜಾಂಫಿ. ನಿನ್ನ ಯಂತ್ರಕ್ಕೆ ದೆವ್ವ ಹಿಡಿದಿದೆ ಎಂದು ಫ್ರೆಂಪೊಮಾ. ಅಷ್ಟರಲ್ಲಿ ಇಬ್ಬರೂ ಬೇರೆಬೇರೆಯಾಗಿ ನನ್ನ ಹತ್ತಿರ ಬ್ಯಾನರ್ ಮಾಡಲು ಹೇಳಿ ಹೋದರು. ಒಂದು ಹೆಣಕ್ಕೆ ಎರಡು ಬ್ಯಾನರ್! ನಾನು ಖುಷಿಯಲ್ಲಿ ಹೋಗಿ ಪೊಕುವಾಳಿಗೆ ಹೇಳಿದೆ. ಇಬ್ಬರೂ ಒಂದೇ ಮನೆಯವರಲ್ಲವೆಂದು ಅವಳಿಗೆ ಆಗ ಹೊಳೆಯಿತು.

"ಅಣ್ಣ, ಅದು ಎರಡು ಪುಟ ಅಲ್ಲ, ಒಂದೇ" ಅಂದಳು. "ಇಬ್ರಿಗೂ ಗೊತ್ತಾದ್ರೆ ನನ್ನ ಕಥೆ ಮುಗೀತು."

ಬೇರೆ ಮಾಡಿಬಿಡು, ಒಂದು ಗುಂಡಿ ಒತ್ತುವ ಕೆಲಸ ಅಂತೀಯಲ್ಲ ಎಂದೆ. ಅಲಿಯಾಸ್ ತೆಗೆದು ಹೊಸ ಕೋಣೆ ಕೊಡುವುದೇನೋ ಸುಲಭ, ಆದರೆ ಜನ ಬರೆದ ಸಂತಾಪವೆಲ್ಲ ಕಲಸಿಹೋಗಿದೆ ಎಂದಳು. ಲಾರಿ ನಿಲ್ದಾಣದವರು, ಚರ್ಚಿನ ಹಾಡುಗಾರರು, ಯಾವುದೋ ಗಡಿ ಠಾಣೆಯಲ್ಲಿ ಅಂಪೊಫೊ ಜೊತೆ ರಾತ್ರಿ ಕಳೆದವರು, ಎಲ್ಲರೂ ಒಂದೇ ಕಡೆ ಬರೆದಿದ್ದರು. ಯಾರ ಕಣ್ಣೀರನ್ನು ಯಾವ ಕೋಣೆಗೆ ಎತ್ತಿಡಲಿ ಎಂದು ಕೇಳಿದಳು. ನಾನು ಇನ್ನೊಂದು ಅನ್ನದ ಉಂಡೆ ತಿಂದೆ.

ಶುಕ್ರವಾರ ಬೇರೆ ಮಾಡುತ್ತೇನೆಂದು ಗಟ್ಟಿ ಮನಸ್ಸು ಮಾಡಿದಳು. ಗುರುವಾರ ಅವಳ ಫೋನಿಗೆ ಮಾಂಪಾಂಗ್ ಊರಿನಿಂದ ಒಂದು ಧ್ವನಿ ಸಂದೇಶ ಬಂತು. ಓದುಬರಹ ಬಾರದವರು ಹಾಗೆ ಮಾತಾಡಿ ಕಳಿಸುತ್ತಾರೆ, ಅವಳು ಪುಟಕ್ಕೆ ಸೇರಿಸುತ್ತಾಳೆ. ಮಾತಾಡಿದ್ದವಳು ಅಂಪೊಫೊ ಅವರ ಅಕ್ಕ, ಜಾಂಫಿಯ ತಾಯಿ, ಮುದುಕಿ ಕ್ಯೆರೇವಾ. ಮೊಮ್ಮಗಳ ಫೋನಿನಲ್ಲಿ ತನ್ನ ಕುಲದ ಪುಟಕ್ಕೆಂದು, ತನ್ನವರಷ್ಟೇ ಕೇಳುತ್ತಾರೆಂದು ನಂಬಿ ಮಾತಾಡಿದ್ದಳು.

"ನನ್ನ ತಮ್ಮ ಹಾಸಿಗೆ ಹಿಡಿದ ಮೇಲೆ ಅವನಿಗೆ ಉಣ್ಸಿದ್ದು, ತೊಳ್ದಿದ್ದು ಫ್ರೆಂಪೊಮಾ ಒಬ್ಳೇ. ನಾವು ಬಂದ್ವಿ, ನೋಡಿದ್ವಿ, ಹೋದ್ವಿ. ಅವಳಿಗೆ ನಾನು ಒಂದು ದಿನಾನೂ ಒಳ್ಳೆ ಮಾತಾಡ್ಲಿಲ್ಲ. ಈಗ ಮಾತಾಡಕ್ಕೆ ಮುಖ ಇಲ್ಲ."

ಪೊಕುವಾ ಅದನ್ನು ಕೇಳಿ, ನನಗೂ ಕೇಳಿಸಿದಳು. ಹಾಕದೇ ಇರಬಹುದಿತ್ತು. ಶುಕ್ರವಾರ ಬೇರೆ ಮಾಡಿದ ಮೇಲೆ ಜಾಂಫಿಯ ಪಾಲಿಗಷ್ಟೇ ಹಾಕಬಹುದಿತ್ತು. ಅವಳು ಅವತ್ತೇ ಹಾಕಿದಳು, ಎಲ್ಲಕ್ಕಿಂತ ಮೇಲೆ. ಅವಳ ಗುಂಡಿಗೆಯನ್ನು ಮೆಚ್ಚಿದೆ. ಜಾಂಫಿ ನೋಡಿರಲೇಬೇಕು. ಹೆಸರು ಅಳಿಸುವುದು ಬೇರೆ, ಹೆತ್ತ ತಾಯಿಯ ದನಿ ಅಳಿಸಲು ಬೇರೆ ಧೈರ್ಯ ಬೇಕು. ಅದು ಅವನಿಗಿರಲಿಲ್ಲ.

ನಮ್ಮಲ್ಲಿ ಯಾರಾದರೂ ಉಪಕಾರ ಮಾಡಿದರೆ, ಒಳ್ಳೆಯ ಮಾತಾಡಿದರೆ, ಮಾರನೆಯ ಬೆಳಗ್ಗೆ ಅವರ ಬಾಗಿಲಿಗೆ ಹೋಗಿ ಕೃತಜ್ಞತೆ ಹೇಳಬೇಕು. ಹೋಗದಿದ್ದರೆ ಮನುಷ್ಯರಲ್ಲ. ಫ್ರೆಂಪೊಮಾ ತನ್ನ ಪುಟದಲ್ಲಿ ಆ ದನಿ ಕೇಳಿದಳು. ಇಷ್ಟು ವರ್ಷ ಎದುರು ಸಿಕ್ಕರೂ ಮುಖ ತಿರುಗಿಸುತ್ತಿದ್ದ ಗಂಡನ ಅಕ್ಕ ತಾನಾಗಿ ತನ್ನ ಪುಟ ಹುಡುಕಿಕೊಂಡು ಬಂದು ಮಾತಾಡಿದ್ದಾಳೆ ಎಂದುಕೊಂಡಳು. ಶುಕ್ರವಾರ ಬೆಳಗ್ಗೆ ಮೊದಲ ವ್ಯಾನಿನಲ್ಲಿ, ಕಪ್ಪು ಬಟ್ಟೆಯುಟ್ಟು, ಒಂದು ಬಾಟಲಿ ಮದ್ಯ ಕೈಯಲ್ಲಿ ಹಿಡಿದು ಮಾಂಪಾಂಗ್‌ಗೆ ಹೋದಳು. ಬಾಗಿಲು ತೆರೆದ ಕ್ಯೆರೇವಾ, ಇವಳು ನಮ್ಮ ಕುಲದ ಪುಟದವರೆಗೆ ಬಂದು ನನ್ನ ಮಾತು ಕೇಳಿ, ಹೊಸ್ತಿಲಿಗೂ ಬಂದಿದ್ದಾಳೆ ಎಂದುಕೊಂಡಳು. ಮೊದಲ ಹೆಜ್ಜೆ ಇಟ್ಟವಳು ನೀನು ಎಂದು ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡು ಅತ್ತರಂತೆ. ವ್ಯಾನಿನ ಚಾಲಕ ನನಗೆ ಹೇಳಿದ್ದು.

ಇತ್ತ ಪೊಕುವಾಳಿಗೆ ಇದೇನೂ ಗೊತ್ತಿಲ್ಲ. ಮಧ್ಯಾಹ್ನ ಕಂಟ್ರೋಲ್ ಪ್ಯಾನೆಲ್ ತೆರೆದಿಟ್ಟು, ಅಲಿಯಾಸ್ ತೆಗೆಯುವ ಗುಂಡಿಯ ಮೇಲೆ ಮೌಸಿನ ಬಾಣ ನಿಲ್ಲಿಸಿ, ಕೀರ್ತನೆ ಗುನುಗುತ್ತ ಧೈರ್ಯ ತಂದುಕೊಳ್ಳುತ್ತಿದ್ದಳು. ನನಗೂ ಎರಡು ಬ್ಯಾನರಿಗೆ ಶಾಯಿ ತುಂಬಲು ಹೇಳಿದ್ದಳು. ಅಷ್ಟರಲ್ಲಿ ಇಬ್ಬರು ಹೆಂಗಸರು ಕೈಕೈ ಹಿಡಿದು ಒಳಗೆ ಬಂದರು. ಮುದುಕಿಯನ್ನು ಫ್ರೆಂಪೊಮಾ ಒಂದು ಕುರ್ಚಿಯಲ್ಲಿ ಕೂರಿಸಿ, ತಾನು ಇನ್ನೊಂದರಲ್ಲಿ ಕೂತಳು. ಪೊಕುವಾ ಎದ್ದು ನಿಂತಳು. ಎಲ್ಲ ಗೊತ್ತಾಗಿದೆ, ಇನ್ನು ಬೈಗುಳ ಶುರು ಎಂದು ಅವಳ ಲೆಕ್ಕ.

"ಮಗಳೇ, ನನ್ನ ತಮ್ಮ ಒಬ್ನೇ" ಎಂದಳು ಕ್ಯೆರೇವಾ. "ಅವನಿಗ್ಯಾಕೆ ಎರಡು ಪುಟ? ಎರಡನ್ನೂ ಸೇರಿಸಿ ಒಂದು ಮಾಡಕ್ಕಾಗುತ್ತಾ?"

ಪೊಕುವಾ ನನ್ನ ಕಡೆ ನೋಡಿದಳು. ನಾನು ಚಾವಣಿ ನೋಡಿದೆ.

"ಆಗುತ್ತಮ್ಮ" ಎಂದಳು. "ಸ್ವಲ್ಪ ಹೊತ್ತು ಹಿಡಿಯುತ್ತೆ, ಕೂತಿರಿ."

ತಿರುಗಿ ಕೂತು, ಕನ್ನಡಕ ಏರಿಸಿಕೊಂಡು, ಕೀಲಿಮಣೆಯನ್ನು ಟಕಟಕ ಕುಟ್ಟಿದಳು. ಪರದೆಯ ಮೇಲೆ ಒಂದಕ್ಷರವೂ ಕದಲಲಿಲ್ಲ. ನನಗೆ ನಗು ತಡೆಯಲಾಗದೆ ಎದ್ದು ಬಾಗಿಲಿಗೆ ಹೋಗಿ ನಿಂತೆ. ಒಳಗೆ ಹೊಸ ಜಗಳ ಶುರುವಾಗಿತ್ತು. ಕೆಂಟೆಯ ಚಿತ್ರವೇ ಇರಲಿ ಎಂದು ಫ್ರೆಂಪೊಮಾ, ಸೂಟಿನದೇ ಇರಲಿ, ಅದು ನೀನು ಇಸ್ತ್ರಿ ಮಾಡಿದ್ದು ಎಂದು ಕ್ಯೆರೇವಾ.

ಕೊನೆಗೆ ಪೊಕುವಾ, ಆಯ್ತು, ಒಂದಾಯ್ತು ಎಂದಳು. ಮುದುಕಿ ಎದ್ದು ಹೋಗಿ ಪರದೆಯ ಹತ್ತಿರ ಬಾಗಿದಳು. ಓದಲು ಬಾರದಿದ್ದರೂ ತಮ್ಮನ ಚಿತ್ರದ ಕೆಳಗೆ ಬೆರಳಿಟ್ಟಳು.

"ಇಲ್ಲಿ ಇವಳ ಹೆಸ್ರು ಹಾಕು. ಹೆಂಡ್ತಿ ಅಂತ ಹಾಕು. ನನ್ನ ಹೆಸ್ರಿಗಿಂತ ಮೇಲೆ. ನನ್ನ ಮಗ ಕೇಳಿದ್ರೆ ಅಮ್ಮ ಹಾಕ್ಸಿದ್ದು ಅನ್ನು."

ಪೊಕುವಾಳ ಬೆರಳುಗಳು ಈಗ ನಿಧಾನವಾಗಿ ಆಡಿದವು. ಅವಳು ಒಂದೊಂದೇ ಅಕ್ಷರ ಒತ್ತುತ್ತಿದ್ದ ಹಾಗೆ ಫ್ರೆಂಪೊಮಾ ಕಪ್ಪು ಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡು ಪರದೆಯನ್ನೇ ನೋಡುತ್ತಿದ್ದಳು. ಆ ಮಧ್ಯಾಹ್ನ ಪೊಕುವಾ ನಿಜವಾಗಿ ಮಾಡಿದ ಕೆಲಸ ಅದೊಂದೇ.