ನನ್ನ ಕೈಯಲ್ಲೇ ಉಳಿದ ಟಿಸಿ

...ಅಥವಾ ಆ ಮಾತನ್ನು ಅವರು ನನಗೆ ಆಮೇಲೆ ಹೇಳಿದ್ದೋ ಏನೋ. ಮೊದಲೇ ಹೇಳಿದ್ದರು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಆದರೆ ನೆನಪಿನಲ್ಲಿ ಆ ಮಾತು ಕೇಳುವಾಗ ನಾನು ನಿಂತಿರುವ ಜಾಗ ಬದಲಾಗುತ್ತಲೇ ಇರುತ್ತದೆ. ಒಮ್ಮೆ ಇಂದಿರಾನಗರದ ನಮ್ಮ ಆಫೀಸಿನ ಮೆಟ್ಟಿಲು, ಒಮ್ಮೆ ಟಿನ್ ಫ್ಯಾಕ್ಟರಿಯ ಬಸ್ ಸ್ಟಾಪು. ಮಾತು ಮಾತ್ರ ಅದೇ: "ಒರಿಜಿನಲ್ ಮುಟ್ಟಬೇಡ ಕಣಮ್ಮ. ಅವರ ಮುಂದೇನೇ ಫೋಟೋ ತಗೋ, ಅವರ ಕೈಗೇ ವಾಪಸ್ ಕೊಡು."

ಹೇಳಿದವರು ನನ್ನ ಸೀನಿಯರ್, ಶಿವಾಜಿನಗರದವರು. ವಲಸೆ ಬಂದ ಕೂಲಿ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವ ಸಂಸ್ಥೆ ನಮ್ಮದು. ನನಗದು ಮೊದಲ ಕೆಲಸ. ನನ್ನ ಹೊಸ ಹೀಲ್ಸ್ ನೋಡಿ ಅವರು, "ಇದನ್ನ ಹಾಕ್ಕೊಂಡು ಕೆ.ಆರ್. ಪುರಂ ಬಸ್ ಹತ್ತುತೀಯಾ? ಅಲ್ಲಿ ಎರಡು ಕಾಲೂರೋಕೇ ಜಾಗ ಇರಲ್ಲ, ಇನ್ನು ಹೀಲ್ಸೂ ಸೇರಿ ನಾಲ್ಕು ಎಲ್ಲಿ ಊರ್ತೀಯ?" ಎಂದಿದ್ದರು. ಇದು ಮೊದಲ ದಿನವೇ. ಇದರಲ್ಲಿ ಅನುಮಾನವಿಲ್ಲ. ಹೀಲ್ಸ್ ಬಗ್ಗೆ ಅಷ್ಟು ಖಚಿತವಾಗಿರುವವಳು ಟಿಸಿಯ ಒರಿಜಿನಲ್ ಕುರಿತ ಆ ಮಾತಿನ ಬಗ್ಗೆ ಏಕಿಲ್ಲ?

ಟಿನ್ ಫ್ಯಾಕ್ಟರಿಯ ಹಿಂದೆ ಸಾಲಾಗಿ ಬಾಡಿಗೆ ರೂಮುಗಳು. ಅದರಲ್ಲೊಂದರಲ್ಲಿ ಯಾದಗಿರಿ ಕಡೆಯ ಕುಟುಂಬ. ಮಗಳು ಊರಿನಲ್ಲಿ ಏಳನೆಯದು ಮುಗಿಸಿದ್ದಳು, ಇಲ್ಲಿ ಎಂಟನೆಯದಕ್ಕೆ ಸೇರಬೇಕಿತ್ತು. ತಾಯಿ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿಂದ ಟಿಸಿ ತೆಗೆದಳು.

"ನಾಳೆ ನೀವೇ ಶಾಲೆಗೆ ಬನ್ನಿ, ನಾನೂ ಬರ್ತೀನಿ" ಎನ್ನಬೇಕಿತ್ತು. ನಮ್ಮ ಕೆಲಸದ ಕ್ರಮವೇ ಅದು. ಬದಲಿಗೆ, "ನೀವು ಕೆಲಸ ಬಿಟ್ಟು ಬರೋದು ಬೇಡ ಅಮ್ಮ, ಇದನ್ನ ಕೊಡಿ, ನಾನೇ ಎಲ್ಲ ಮಾಡಿಸ್ತೀನಿ" ಎಂದೆ.

"ಹಂಗಾದ್ರ ಛಲೋ ಆತು ನೋಡ್ರಿ ಅಕ್ಕೋರ" ಎಂದಳು ತಾಯಿ. "ನಿಮ್ಮ ಕೈಯಾಗ ಅದ ಅಂದ್ರ ನಮಗ ಚಿಂತಿ ಇಲ್ಲ."

ಹುಡುಗಿಗೆ ಚಿಂತೆಯಿತ್ತು. "ಮಡಚಬ್ಯಾಡ್ರಿ ಮೇಡಂ. ಸೀಲಿನ ಮ್ಯಾಲ ಗೆರಿ ಬೀಳ್ತದ."

"ಮಡಚಲ್ಲ ಕಣೇ."

ಮಡಚಲಿಲ್ಲ. ಫೈಲಿನಲ್ಲಿಟ್ಟು ತಂದೆ. ಆ ತಿಂಗಳ ವರದಿಯಲ್ಲಿ ದಾಖಲೆ ಸಂಗ್ರಹವಾದ ಮಕ್ಕಳ ಪಟ್ಟಿಗೆ ಅವಳ ಹೆಸರನ್ನೂ ಸೇರಿಸಿದೆ. ಬರೆದ ಮೇಲೆ ಕೆಲಸವೇ ಮುಗಿದಂಥ ಹಗುರ. ಈ ಹಗುರದ ಬಗ್ಗೆ ನನಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ.

ಮಾರನೆಯ ದಿನ ನಮಗೆ ಹಣ ಕೊಡುವವರ ಕಡೆಯಿಂದ ಅತಿಥಿಗಳು ಬಂದರು. ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದು ಅವರನ್ನು ಕರೆದುಕೊಂಡು ತಿರುಗುವ ಕೆಲಸ ಬಂತು. ಹಲಸೂರಿನ ಸೆಂಟರು, ಕಮ್ಮನಹಳ್ಳಿಯ ಸೆಂಟರು. ನಾಲ್ಕು ದಿನ. ಇಲ್ಲ, ನಾಲ್ಕು ಎನ್ನುವುದು ನನಗೆ ನಾನೇ ತೋರಿಸಿಕೊಂಡ ದಯೆ. ಒಂದು ವಾರವೇ ಆಗಿರಬೇಕು, ಏಕೆಂದರೆ ನಾನು ಮತ್ತೆ ಹೋದಾಗ ಆ ರೂಮಿಗೆ ಬೇರೆ ಸಂಸಾರ ಬಂದಾಗಿತ್ತು.

ರೂಮುಗಳ ಓನರು, ಆ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದ ಮನೆಯವರು, ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಖಾಲಿ ಮಾಡ್ಕೊಂಡ್ ಹೋದ್ರಲ್ಲಮ್ಮ. ಇಲ್ಲಿ ಬಿಲ್ಡಿಂಗ್ ಕೆಲಸ ಮುಗೀತು, ಮೇಸ್ತ್ರಿ ಹೊಸಕೋಟೆ ಕಡೆ ಕರ್ಕೊಂಡೋದ."

"ಹೊಸಕೋಟೆಲಿ ಎಲ್ಲಿ?"

"ಅದನ್ನ ಹೇಳಿ ಹೋಗ್ತಾರಾ?" ಆಮೇಲೆ ನನ್ನನ್ನು ನೋಡಿ, "ಟಿಸಿ ಮೇಡಂ ಅಂದ್ರೆ ನೀವೇನಾ? ಆ ಹುಡುಗಿ ಎರಡು ದಿನ ಈ ಗೇಟ್ ಹತ್ರಾನೇ ನಿಂತಿದ್ಲು. ಬಂದ್ರಾ, ಬಂದ್ರಾ ಅಂತ ನನ್ ತಲೆ ತಿಂದ್ಬಿಟ್ಲು."

ಅವರ ಮನೆಯಲ್ಲಿ ನಾನು ತುಂಬಿಸಿದ್ದ ಫಾರಂನಲ್ಲಿದ್ದ ಫೋನ್ ನಂಬರು ಮೇಸ್ತ್ರಿಯದು, ಸ್ವಿಚ್ ಆಫ್. ಟಿಸಿಯಲ್ಲಿದ್ದ ಊರಿನ ಶಾಲೆಯನ್ನು ಹೇಗೋ ಪತ್ತೆಹಚ್ಚಿ ಹೆಡ್‌ಮಾಸ್ಟರ ಜೊತೆ ಮಾತಾಡಿದೆ. ಹುಡುಗಿಯ ಮನೆಯವರು ಬಂದು ಕೇಳಿದರೆ ಇನ್ನೊಂದು ಪ್ರತಿ ಕೊಡುತ್ತೇನೆ ಎಂದರು. ಹಾಗೆ ಕೇಳಬಹುದೆಂದು ಅವರಿಗೆ ತಿಳಿಸುವವರು ಯಾರು? ಟಿಸಿ ಇಲ್ಲದೆಯೂ ಮಗುವನ್ನು ಸೇರಿಸಿಕೊಳ್ಳಬೇಕೆಂಬ ನಿಯಮವಿದೆ. ಹೊಸಕೋಟೆಯ ಯಾವುದೋ ಶಾಲೆಯ ಬಾಗಿಲಲ್ಲಿ ನಿಂತ ಆ ತಾಯಿಗೆ ಅದು ಗೊತ್ತಿರಲು ಸಾಧ್ಯವೇ? ಎರಡು ಭಾನುವಾರ ಅಲ್ಲಿನ ಕಟ್ಟಡಗಳ ಬಳಿ ತಿರುಗಿದೆ. ಮೂರನೆಯ ಭಾನುವಾರ ಹೋಗಲಿಲ್ಲ.

ಸೀನಿಯರ್‌ಗೆ ಹೇಳಿದಾಗ ಅವರು ಬೈಯಲಿಲ್ಲ. ಒರಿಜಿನಲ್ ಮುಟ್ಟಬೇಡ ಎಂಬ ಮಾತು ಅವರು ಆಗ ಹೇಳಿದ್ದಾಗಿದ್ದರೆ ನನ್ನದು ತಿಳಿಯದೆ ಮಾಡಿದ ತಪ್ಪು. ಮೊದಲೇ ಹೇಳಿದ್ದರೆ ತಿಳಿದೂ ಮಾಡಿದ್ದು. ಕಳೆದ ವರ್ಷ, ಅವರು ಕೆಲಸ ಬಿಟ್ಟು ಮನೆಯಲ್ಲಿದ್ದಾಗ, ಹೋಗಿ ನೇರವಾಗಿ ಕೇಳಿದೆ.

"ಯಾವ ಹುಡುಗಿ?" ಎಂದರು ಅವರು, ಚಹಾ ಬಗ್ಗಿಸುತ್ತ. "ಎಷ್ಟು ಮಕ್ಕಳಮ್ಮ, ಯಾರನ್ನ ಅಂತ ನೆನಪಿಟ್ಕೊಳ್ಳಲಿ?"

ಈಗ ಹೊಸದಾಗಿ ಸೇರುವವರಿಗೆ ಆ ಮಾತನ್ನು ನಾನೇ ಹೇಳುತ್ತೇನೆ, ಮೊದಲ ದಿನವೇ, ಎಲ್ಲರೂ ಕೇಳುವಂತೆ. ಜೊತೆಗೆ ಇನ್ನೊಂದು: ಅವರ ಕೆಲಸವನ್ನು ಅವರ ಕೈಯಿಂದ ತೆಗೆದುಕೊಳ್ಳಬೇಡಿ, ಪಕ್ಕದಲ್ಲಿ ನಡೆಯಿರಿ. ಮೊನ್ನೆ ಒಬ್ಬಳು, "ಅವರಿಗೆ ಒಂದು ದಿನದ ಕೂಲಿ ಹೋಗುತ್ತಲ್ಲ ಮ್ಯಾಮ್?" ಎಂದಳು. ಹೋಗುತ್ತದೆ, ಎಂದೆ. ಅವಳ ಮುಖದಲ್ಲಿ ಆ ದಿನದ ನನ್ನದೇ ದಯೆ ಕಂಡು ಹೆದರಿದೆ.

ಟಿಸಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಸೀಲಿನ ಮೇಲೆ ಗೆರೆ ಬಿದ್ದಿಲ್ಲ. ಆ ಹುಡುಗಿ ಎಂಟನೆಯ ತರಗತಿಗೆ ಸೇರಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.