ಕುಂಟ ಕುರಿ ಇಲ್ಲದ ಹಿಂಡು

ಹಿಪ್ಪರಗಿ ಹತ್ತಿರ ಟ್ರ್ಯಾಕ್ಟರಿನಿಂದ ಉದುರಿದ ಕಬ್ಬಿನ ಮೇಲೆ ನನ್ನ ಬೈಕು ಜಾರಿತು. ಬಲಭುಜದ ಮೇಲೆ ಬಿದ್ದೆ. ಭುಜದ ದುಂಡು ಮಾಯವಾಗಿ ತೋಳು ಮುಂದಕ್ಕೆ ಜೋತುಬಿತ್ತು. ನಾನು ಸರಕಾರಿ ಬಸ್ಸಿನ ಡ್ರೈವರ್. ಆ ತೋಳೇ ನನ್ನ ಅನ್ನ.

ಜಮಖಂಡಿಯ ದವಾಖಾನೆಗೆ ಹೊರಟವನನ್ನು ಅಪ್ಪ ತಡೆದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ. ಅವನ ತಮ್ಮ, ಅಂದರೆ ನನ್ನ ಕಾಕಾ, ಕುರಿ ಕಾಯುವವನು. ಕಾಲು ಮುರಿದ ಕುರಿಗೆ ಬಿದಿರಿನ ದಬ್ಬೆ ಕಟ್ಟಿ ಎಲುಬು ಕೂಡಿಸುವುದರಲ್ಲಿ ಅವನ ಹೆಸರು ದೊಡ್ಡದು.

"ಅವನ ಹಿಂಡಿನ್ಯಾಗ ಒಂದರ ಕುಂಟ ಕುರಿ ಐತೇನ್ಲೇ?" ಎಂದ ಅಪ್ಪ. "ದವಾಖಾನಿಗಿ ಯಾಕ ಸಾಯಾಕ ಹೋಗ್ತಿ?"

ಖರೆ, ಒಂದೂ ಇರಲಿಲ್ಲ. ನಾನು ಕಾಕಾನ ಮುಂದೆ ಹೋಗಿ ಮಲಗಿದೆ.

ಕಾಕಾ ನನ್ನ ಕಂಕುಳಿಗೆ ಹಿಮ್ಮಡಿ ಕೊಟ್ಟು, ಮೈಭಾರವೆಲ್ಲ ಹಾಕಿ ತೋಳು ಎಳೆದ. ಒಳಗೆ ಏನೋ ಲಟಕ್ಕೆಂದಿತು. ನಾನು ಹೋರಿಯಂತೆ ಒದರಿದೆ. ಆಮೇಲೆ ಉರಿ ಇಳಿದು ತೋಳಿಗೆ ಜೋಮು ಹಿಡಿಯಿತು.

"ಬ್ಯಾನಿ ಹೋತಲ್ಲ? ಕೂಡ್ತು," ಎಂದು ಕಾಕಾ ದಬ್ಬೆ ಕಟ್ಟಿದ. ಅಪ್ಪ ಅವನಿಗೆ ರುಮಾಲು ಸುತ್ತಿ, ಆಯೇರಿ ಮಾಡಿ ಮರ್ಯಾದೆ ಕೊಟ್ಟ. ಕಾಕಾ ಖುಷಿಯಲ್ಲಿ ತನ್ನ ಹಿಂಡಿನದೇ ಒಂದು ಕುರಿ ಕೊಯ್ಸಿದ. ನಾನು ಎಡಗೈಯಿಂದ ಹೊಟ್ಟೆ ತುಂಬ ಉಂಡೆ.

ದಬ್ಬೆ ಬಿಚ್ಚಿದಾಗ ಕೈ ಮೇಲೇಳಲಿಲ್ಲ. ಮುಧೋಳದ ಎಲುಬಿನ ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, ಸೂಜಿ ತಾಗಿದಾಗ ಹೇಳಲು ಹೇಳಿದರು. ನಾನು ಕಾಯುತ್ತ ಕೂತೆ.

"ಯಾವಾಗ ಚುಚ್ಚತೀರಿ ಸರ?"

"ಚುಚ್ಚಿ ಆತ್ರಿ."

ಎಕ್ಸ್‌ರೇಯಲ್ಲಿ ತೋಳೆಲುಬಿನ ಗುಂಡು ಇನ್ನೂ ಗೂಡಿನ ಹೊರಗೇ ಇತ್ತು, ಅದರ ಅಂಚು ಮುರಿದಿತ್ತು. ತಂತಿ ಹಚ್ಚಿ, ಸಣ್ಣ ಕರೆಂಟು ಹಾಯಿಸಿ ನರ ನೋಡಿದರು. ಅಂದು ಬೇನೆ ಹೋದದ್ದು ಎಲುಬು ಕೂಡಿ ಅಲ್ಲ, ಎಳೆತಕ್ಕೆ ನರ ಹರಿದು. ಆಪರೇಶನ್ನಿನಿಂದ ಎಲುಬು ಗೂಡು ಸೇರಿತು, ನರಕ್ಕೆ ಮಾತ್ರ ಜೀವ ಬರಲಿಲ್ಲ. ನನ್ನನ್ನು ಸ್ಟೇರಿಂಗಿನಿಂದ ಇಳಿಸಿ ಡಿಪೋದ ಗೇಟಿಗೆ ಕೂರಿಸಿದರು. ಒಣಗಿದ ಭುಜ ಕಂಡಾಗೆಲ್ಲ ಕಾಕಾನನ್ನು ಸಿಗಿದುಹಾಕುವಷ್ಟು ಸಿಟ್ಟು ಬರುತ್ತಿತ್ತು.

ಒಂದು ದಿನ ಅವನು ಮಾತಾಡಿಸಲು ಬಂದ. ನಾನು ಕೇಳಿಯೇಬಿಟ್ಟೆ.

"ಕಾಕಾ, ನೀ ಕಟ್ಟಿದ ಕುರಿ ಎಲ್ಲಾ ಕೂಡತಿದ್ವೇನ?"

"ಎಲ್ಲಾ ಎಲ್ಲಿ ಕೂಡತಾವೋ? ಅರ್ಧಕ್ಕರ್ಧ ಕೂಡೂದಿಲ್ಲ."

"ಮತ್ತ ಹಿಂಡಿನ್ಯಾಗ ಒಂದೂ ಕುಂಟ ಇಲ್ಲಲ್ಲ?"

ಕಾಕಾ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದ.

"ಕುಂಟ ಕುರಿ ಯಾಂವ ಇಟ್ಕೋತಾನ? ಕೊಯ್ದ ಬಿಡೂದು. ಅವತ್ತ ನೀ ಉಂಡಿದ್ದೂ ಅಂಥಾದ್ದ."